ಬೇರೆ ಪಾತ್ರೆ

ನಮ್ಮ ಪುತ್ತೂರಿನಲ್ಲಿ ಪ್ರೀತಿಗೆ ಹೆಸರುಗಳು ಹಲವು. ತುಳುವರು ಮೋಕೆ ಎನ್ನುತ್ತಾರೆ. ಕೊಂಕಣಿ ಕ್ರೈಸ್ತರಿಗೆ ಅದು ಮೋಗ್. ಕಡಬ, ನೆಲ್ಯಾಡಿ ಕಡೆಯ ಮಲೆಯಾಳಿಗಳಿಗೆ ಸ್ನೇಹಂ. ಉರ್ದು ಮನೆಮಾತಿನ ನಮಗೆ ಮುಹಬ್ಬತ್. ಶಾಲೆಗೆ ಹೋದ ಮೇಲೆ ನಮಗೆಲ್ಲರಿಗೂ ಸೇರಿ ಪ್ರೀತಿ ಎಂಬ ಕನ್ನಡ ಪದ ಸಿಕ್ಕಿತು. ಇಷ್ಟು ಹೆಸರುಗಳಿರುವ ನಾಡಿನಲ್ಲಿ ಈಗ ಆ ಪದವನ್ನು ಗಟ್ಟಿಯಾಗಿ ಹೇಳಲು ಜನ ಅಂಜುತ್ತಾರೆ. ಮುಸ್ಲಿಮ್ ಹುಡುಗ ಹೇಳಿದರೆ ಅದಕ್ಕೆ ಜಿಹಾದ್ ಎಂಬ ಬಾಲ ಅಂಟಿಸುತ್ತಾರೆ. ಕ್ರೈಸ್ತ ಸನ್ಯಾಸಿನಿ ಹೇಳಿದರೆ ಮತಾಂತರ ಎಂಬ ಬಾಲ. ಬಸ್ಸಿನಲ್ಲಿ ಬೇರೆ ಬೇರೆ ಧರ್ಮದ ಇಬ್ಬರು ವಿದ್ಯಾರ್ಥಿಗಳು ಅಕ್ಕಪಕ್ಕ ಕುಳಿತು ಮಾತನಾಡಿದರೆ ಮುಂದಿನ ಸ್ಟಾಪಿನಲ್ಲಿ ಯಾರು ಕಾದಿರುತ್ತಾರೋ ಎಂದು ಹೆತ್ತವರು ಹೆದರುವ ಕಾಲ ಇದು. ಈ ಹೆದರಿಕೆಯ ನಡುವೆ ನಿಂತು, ನಾವು ಕಂಡ ಒಂದು ಬಗೆಯ ಪ್ರೀತಿಯ ಬಗ್ಗೆ ಬರೆಯಬೇಕೆನಿಸಿದೆ.

ಕ್ರೈಸ್ತ ಪ್ರೀತಿ ಎಂದರೆ ಏನು ಎಂದು ಧರ್ಮಶಾಸ್ತ್ರದಿಂದ ವಿವರಿಸುವ ಅಧಿಕಾರ ನಮಗಿಲ್ಲ. ಅದನ್ನು ಪಾದ್ರಿಗಳು ಹೇಳಲಿ. ಕಥೆ ಬರೆಯುವವರಾದ ನಾವು ಕಂಡದ್ದನ್ನು, ಕೇಳಿದ್ದನ್ನು ಹೇಳಬಲ್ಲೆವು. ಅದೂ ಹೊರಗಿನವರಾಗಿ. ಪ್ರೀತಿಯ ವಿಷಯದಲ್ಲಿ ಹೊರಗಿನವನ ಸಾಕ್ಷಿಗೂ ಒಂದು ಬೆಲೆಯಿದೆ ಎಂದು ನಮ್ಮ ನಂಬಿಕೆ. ಯಾಕೆಂದರೆ ಅದು ತಲುಪಬೇಕಾದದ್ದು ಹೊರಗಿನವನನ್ನೇ.

ನಮ್ಮ ಬಾಲ್ಯ ಕಳೆದದ್ದು ಪುತ್ತೂರಿನ ಹೊರವಲಯದ ಒಂದು ಗುಡ್ಡೆಯ ಬದಿಯಲ್ಲಿ. ನಾಲ್ಕು ಹೆಂಚಿನ ಮನೆ, ಒಂದೇ ಬಾವಿ. ನಮ್ಮ ಪಕ್ಕದ್ದು ಕೊಂಕಣಿ ಕ್ರೈಸ್ತರ ಮನೆ. ಆ ಮನೆಯ ಹೆಂಗಸನ್ನು ಇಡೀ ಗುಡ್ಡೆ ಬಾಯಮ್ಮ ಎಂದೇ ಕರೆಯುತ್ತಿತ್ತು. ನಮ್ಮ ಅಮ್ಮಿಯೂ ಬಾಯಮ್ಮನೂ ಬೀಡಿ ಕಟ್ಟುತ್ತಿದ್ದರು. ಆಗ ಆ ಗುಡ್ಡೆಯ ಹೆಂಗಸರಿಗೆ ಮಕ್ಕಳ ಪುಸ್ತಕ, ಮದ್ದು, ಹಬ್ಬದ ಬಟ್ಟೆ ಎಲ್ಲವೂ ಬೀಡಿಯಿಂದಲೇ ಬರಬೇಕಿತ್ತು. ವಾರಕ್ಕೊಮ್ಮೆ ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ಕಟ್ಟಿದ್ದನ್ನು ಒಯ್ದು ಕೊಡುವುದು. ಅವರವರ ಹೆಸರಿನ ಪುಸ್ತಕದಲ್ಲಿ ಲೆಕ್ಕ ಬೀಳಬೇಕು. ಲೆಕ್ಕ ತಪ್ಪಿದರೆ ಮುಂದಿನ ವಾರ ಎಲೆ ಕೊಡುವಾಗ ಬ್ರಾಂಚಿನವರ ಮುಖ ಬೇರೆಯಾಗುತ್ತಿತ್ತು.

ನಾವು ಐದನೇ ತರಗತಿಯಲ್ಲಿದ್ದಾಗ ಅಮ್ಮಿ ಟೈಫಾಯ್ಡ್ ಬಂದು ಒಂದೂವರೆ ತಿಂಗಳು ಮಲಗಿದರು. ಆ ಒಂದೂವರೆ ತಿಂಗಳೂ ಅಮ್ಮಿಯ ಪುಸ್ತಕದಲ್ಲಿ ಲೆಕ್ಕ ಬಿದ್ದಿತ್ತು. ಬಾಯಮ್ಮ ತನ್ನ ಬೀಡಿ ಮುಗಿಸಿದ ಮೇಲೆ ಚಿಮಿಣಿ ದೀಪದ ಬೆಳಕಿನಲ್ಲಿ ಅಮ್ಮಿಯ ಪಾಲಿನದನ್ನು ಕಟ್ಟುತ್ತಿದ್ದರು. ಹಣವನ್ನು ತಂದು ಅಮ್ಮಿಯ ತಲೆದಿಂಬಿನ ಅಡಿಗೆ ಇಟ್ಟಾಗ ಅಮ್ಮಿ ಅರ್ಧ ತೆಗೆದುಕೊಳ್ಳಲು ಹೇಳಿದರು. ಬಾಯಮ್ಮ, "ಎಂತ ಅಕ್ಕ, ಎಲೆ ನಿಮ್ಮದು, ಪುಸ್ತಕ ನಿಮ್ಮದು. ಕೈ ಮಾತ್ರ ನನ್ನದು. ಕೈಗೆ ಯಾರಾದರೂ ಬಾಡಿಗೆ ಕೊಡ್ತಾರಾ?" ಎಂದು ನಕ್ಕು ಹೋದರು.

ಬಾಯಮ್ಮನಿಗೆ ಯಾರಾದರೂ ಉಪಕಾರ ಮಾಡಿದರೆ ಥ್ಯಾಂಕ್ಸ್ ಎನ್ನುವ ಅಭ್ಯಾಸವಿರಲಿಲ್ಲ. "ದೇವ್ ಬರೆಂ ಕರುಂ" ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ. ನಮ್ಮ ಮನೆಯಲ್ಲಿ ಅದೇ ಜಾಗಕ್ಕೆ "ಜಝಾಕಲ್ಲಾಹು ಖೈರನ್" ಎನ್ನುತ್ತಾರೆ. ಅದರ ಅರ್ಥವೂ ಅಲ್ಲಾಹನು ನಿಮಗೆ ಒಳಿತಿನ ಪ್ರತಿಫಲ ಕೊಡಲಿ ಎಂದೇ. ಒಂದು ಪೋರ್ಚುಗೀಸರ ಕಾಲದ ಗೋವೆಯಿಂದ ಇಳಿದು ಬಂದ ಜನರ ಬಾಯಲ್ಲಿ, ಇನ್ನೊಂದು ಅರಬಿಯಿಂದ. ಎರಡರಲ್ಲೂ ಋಣ ತೀರಿತು ಎಂಬ ಭಾವವಿಲ್ಲ. ನನ್ನಿಂದ ತೀರಿಸಲಾಗದು, ಅವನೇ ತೀರಿಸಲಿ ಎಂದು ದೇವರಿಗೆ ವರ್ಗಾಯಿಸುವ ವಿನಯವಿದೆ. ಸೆಪ್ಟೆಂಬರ್ 8ರ ಮೋಂತಿ ಫೆಸ್ತ್‌ಗೆ ಅವರ ಮಕ್ಕಳ ಜೊತೆ ಬೇಲಿಯ ಹೂ ಕೊಯ್ಯಲು ನಾವೂ ಹೋಗುತ್ತಿದ್ದೆವು. ಹೊಸ ಭತ್ತದ ಕಾಳು ಸೇರಿಸಿದ ಪಾಯಸದ ಒಂದು ಲೋಟ ನಮ್ಮ ಮನೆಗೆ ಬರುತ್ತಿತ್ತು. ಕ್ರಿಸ್ಮಸ್‌ಗೆ ಕುಸ್ವಾರ್ ತಟ್ಟೆ ಬಂದರೆ, ಈದ್‌ಗೆ ಅದೇ ತಟ್ಟೆಯಲ್ಲಿ ಶೀರ್ ಖುರ್ಮಾ ಹೋಗುತ್ತಿತ್ತು. ಬಂದ ತಟ್ಟೆಯನ್ನು ಖಾಲಿ ಕಳಿಸಬಾರದೆಂಬುದು ಎರಡೂ ಮನೆಯ ಶಾಸ್ತ್ರ.

ಅಬ್ಬಾ ಬಟ್ಟೆಯ ಗಂಟು ಹೊತ್ತು ಮಾರುವವರು. ವಾರದಲ್ಲಿ ಎರಡು ದಿನ ಕಡಬ, ನೆಲ್ಯಾಡಿ, ಇಚ್ಲಂಪಾಡಿಯ ಒಳದಾರಿಗಳಲ್ಲಿ ಅವರ ಸುತ್ತಾಟ. ರಜೆಯಲ್ಲಿ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಕಡಬ ಆಗ ಪುತ್ತೂರು ತಾಲೂಕಿನ ಒಂದು ಮೂಲೆ. ಕೇರಳದಿಂದ ಬಂದು ಕಾಡಿನ ಅಂಚಿನಲ್ಲಿ ಜಾಗ ಮಾಡಿಕೊಂಡು ರಬ್ಬರ್ ನೆಟ್ಟ ಕ್ರೈಸ್ತ ಕುಟುಂಬಗಳು ಅಲ್ಲಿ ಹಲವು. ಇಂದು ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯ ಇದೆ, 1999ರದ್ದು. ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಪ್ರಾಂತ್ಯ ಇದೆ, 2010ರದ್ದು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳು ಈ ಮಣ್ಣಿನವರಾದ ಲೆಕ್ಕ ಅದು. ಆದರೆ ನಾವು ಕಂಡಾಗ ಅವರು ಇನ್ನೂ ಗಟ್ಟಿಯಾಗಿ ಬೇರು ಬಿಟ್ಟಿರಲಿಲ್ಲ. ಬೆಳಗಿನ ಕತ್ತಲಲ್ಲೆದ್ದು ಮರ ಕೆತ್ತಿ ಗೆರಟೆಗೆ ಹಾಲು ಇಳಿಸಿ, ಹಂದಿ, ಆನೆ, ಮಲೇರಿಯಾಗಳ ಜೊತೆ ಗುದ್ದಾಡುವ ಬದುಕು.

ಅಂಥ ಒಂದು ಮನೆಯಲ್ಲಿ ಅಬ್ಬಾ ಮಧ್ಯಾಹ್ನ ವಿಶ್ರಾಂತಿ ಪಡೆಯುತ್ತಿದ್ದರು. ಆ ಮನೆಯ ಚೇಚಿ ಅಟ್ಟದ ಮೇಲಿಂದ ಒಂದು ಅಲ್ಯುಮಿನಿಯಂ ಪಾತ್ರೆ ಇಳಿಸಿ ಅದರಲ್ಲಿ ನಮಗೆ ಚಹಾ ಕಾಸುತ್ತಿದ್ದರು. ಅವರು ಕುಡಿಯುವ ಚಹಾ ಬೇರೆ ಪಾತ್ರೆಯಲ್ಲಿ. ಹತ್ತು ವರ್ಷದ ನಮಗೆ ಅದು ಚುಚ್ಚಿತು. ನಮ್ಮ ಕಡೆ ಬೇರೆ ಪಾತ್ರೆ ಎಂದರೆ ಏನೆಂದು ಮಕ್ಕಳಿಗೂ ಗೊತ್ತಿತ್ತು. ತೆಂಗಿನ ಗೆರಟೆಯಲ್ಲಿ ನೀರು ಹೊಯ್ಯಿಸಿಕೊಂಡವರ, ಅಂಗಳದ ಮೂಲೆಯಲ್ಲಿ ಕವುಚಿಟ್ಟ ಲೋಟದಲ್ಲಿ ಕುಡಿದು ತಾವೇ ತೊಳೆದಿಟ್ಟವರ ಕಥೆಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿದ್ದವು. ಹಿಂದಿರುಗುವ ದಾರಿಯಲ್ಲಿ ಅಬ್ಬಾರನ್ನು ಕೇಳಿದೆವು. ಅಬ್ಬಾ ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ ಹೇಳಿದರು: "ಅವರ ಮನೆಯಲ್ಲಿ ಹಂದಿ ಬೇಯಿಸ್ತಾರೆ. ನಾವು ಕೇಳಿರಲಿಲ್ಲ. ಮೊದಲ ದಿನವೇ ಆಕೆ ಪೇಟೆಯಿಂದ ಹೊಸ ಪಾತ್ರೆ ತರಿಸಿದಳು. ಅದರಲ್ಲಿ ಅವರು ಏನೂ ಬೇಯಿಸುವುದಿಲ್ಲ. ನಮ್ಮಂಥವರು ಬಂದಾಗ ಮಾತ್ರ ಇಳಿಸುವುದು."

ಅದೇ ವಸ್ತು, ಅದೇ ಅಟ್ಟ. ಒಂದು ಮನೆಯಲ್ಲಿ ಬೇರೆ ಪಾತ್ರೆ ಎಂದರೆ ನೀನು ನನ್ನನ್ನು ಮೈಲಿಗೆ ಮಾಡಬೇಡ ಎಂದು. ಈ ಮನೆಯಲ್ಲಿ ನನ್ನಿಂದ ನಿನಗೆ ಮೈಲಿಗೆಯಾಗದಿರಲಿ ಎಂದು. ಇನ್ನೊಬ್ಬನ ನಂಬಿಕೆಯನ್ನು ತಾನು ನಂಬಬೇಕಾಗಿಲ್ಲ. ಆ ನಂಬಿಕೆಗೆ ತನ್ನ ಅಡುಗೆಮನೆಯಲ್ಲಿ ಒಂದು ಜಾಗ ಬಿಟ್ಟುಕೊಟ್ಟರೆ ಸಾಕು. ಆ ಚೇಚಿ ನಮಗೆ ಯೇಸುವಿನ ಬಗ್ಗೆ ಒಂದು ಮಾತೂ ಹೇಳಿದವರಲ್ಲ. ಗೋಡೆಯಲ್ಲಿ ಚಿತ್ರವಿತ್ತು, ಅದರ ಮುಂದೆ ದೀಪವಿತ್ತು. ಅಷ್ಟೇ.

ಈ ನೆಲದಲ್ಲಿ ಮುಸ್ಲಿಮರಾಗಿ ಕ್ರೈಸ್ತರ ಪ್ರೀತಿಯ ಬಗ್ಗೆ ಬರೆಯುವಾಗ ಒಂದು ಹಳೆಯ ಪುಟವನ್ನು ಮಗುಚಿ ಮುಂದೆ ಹೋಗುವುದು ಸರಿಯಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಚರ್ಚುಗಳು ನೆಲಸಮವಾದವು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಉಳಿದವರು 1799ರಲ್ಲಿ ಟಿಪ್ಪು ಮಡಿದ ಮೇಲೆ ಹಿಂದಿರುಗಿ ಬಂದು ಕಳೆದುಕೊಂಡ ಗದ್ದೆಗಳ ಅಂಚಿನಲ್ಲಿ ಮತ್ತೆ ಬದುಕು ಹೂಡಿದರು. ಸಂಖ್ಯೆಗಳ ಬಗ್ಗೆ, ಕಾರಣಗಳ ಬಗ್ಗೆ ಇತಿಹಾಸಕಾರರ ಜಗಳ ಮುಗಿದಿಲ್ಲ. ಆದರೆ ಆ ನೆನಪು ಕೊಂಕಣಿ ಮನೆಗಳಲ್ಲಿ ಇದೆ. ಟಿಪ್ಪುವನ್ನು ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತ ಸುಲ್ತಾನನೆಂದು ಗೌರವಿಸುವ ನಮ್ಮ ಮನೆಗಳೂ ಆ ನೆನಪನ್ನು ಕೇಳಿಸಿಕೊಳ್ಳಬೇಕು. ನಮಗೆ ಆಶ್ಚರ್ಯವೆನಿಸುವುದು ಒಂದೇ. ಬಾಯಮ್ಮನ ಮನೆಯಲ್ಲಿ ಆ ಸೆರೆವಾಸದ ಕಥೆಯನ್ನು ಅಜ್ಜಿಯಂದಿರು ಹೇಳುತ್ತಿದ್ದರು. ಆದರೆ ಅದರ ಬಾಕಿಯನ್ನು ನಮ್ಮ ಮನೆಯ ಬಾಗಿಲಿಗೆ ವಸೂಲಿಗೆ ತರಲಿಲ್ಲ. ಇನ್ನೂರು ವರ್ಷ ಹಿಂದಿನ ರಾಜನ ಲೆಕ್ಕವನ್ನು ಇಂದಿನ ನೆರೆಮನೆಯ ಪುಸ್ತಕದಲ್ಲಿ ಬರೆಯದಿರುವುದೂ ಪ್ರೀತಿಯ ಒಂದು ಕೆಲಸವೇ. ಇಂದು ಈ ದೇಶದಲ್ಲಿ ಆ ಕೆಲಸ ಎಷ್ಟು ಕಷ್ಟವೆಂದು ನಮಗೆ ಗೊತ್ತಿದೆ.

ಸೇವೆ ಎಂಬ ಮಾತಿಗೆ ಬರೋಣ. ಮತಾಂತರಕ್ಕೆಂದೇ ಸೇವೆ ಮಾಡುತ್ತಾರೆ ಎಂಬ ಆರೋಪ ಹಳೆಯದು. ಅದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಧರ್ಮವನ್ನು ಹೇಳಲೆಂದೇ ಬಂದವರು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಬಂದವರು ಮಾಡಿದ್ದೇನು? ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಮತ ಬದಲಿಸಿದ್ದಕ್ಕೆ ಮನೆ, ಕಸುಬು ಕಳೆದುಕೊಂಡವರಿಗೆ ಮಗ್ಗ ಕೊಟ್ಟರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕಿಟ್ಟೆಲ್ ಕಣ್ಣು ಸವೆಸಿ 1894ರಲ್ಲಿ ಕನ್ನಡ ನಿಘಂಟು ಮುಗಿಸಿದರು. ಉರ್ದು ಮನೆಮಾತಿನ ನಾವು ಇಂದಿಗೂ ಒಂದು ಕನ್ನಡ ಪದದ ಅರ್ಥ ತಿಳಿಯದಿದ್ದರೆ ತೆರೆಯುವುದು ಆ ಜರ್ಮನ್ ಪಾದ್ರಿಯ ಪುಸ್ತಕವನ್ನು. ಯಾರದೋ ಭಾಷೆಯನ್ನು ಇಷ್ಟು ಶ್ರದ್ಧೆಯಿಂದ ಕಲಿಯುವವನ ಮನಸ್ಸಿನಲ್ಲಿ ಆ ಜನರ ಬಗ್ಗೆ ಪ್ರೀತಿ ಇರಲೇಬೇಕು. ಜರ್ಮನಿಯವರೇ ಆದ ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು. ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಸರೆ ಮಾಡಿದರು. ಇಂದು ನಮ್ಮ ಮೂರು ತಾಲೂಕುಗಳಿಂದ ಕಾಯಿಲೆ ಹೊತ್ತು ಮಂಗಳೂರಿಗೆ ಹೋಗುವವರಲ್ಲಿ ಎಷ್ಟೋ ಜನ ಅದೇ ಹೆಸರಿನ ಆಸ್ಪತ್ರೆಯಲ್ಲಿ ಇಳಿಯುತ್ತಾರೆ. ಪುತ್ತೂರಿನಲ್ಲಿ ಮೊನ್ಸಿಞೊರ್ ಆಂಟನಿ ಪತ್ರಾವೊ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ಕಟ್ಟಿದ್ದರಿಂದ ಸುಳ್ಯ, ಕಡಬದ ಕೃಷಿಕರ, ಕೂಲಿಯವರ ಮಕ್ಕಳು ಮಂಗಳೂರಿಗೆ ಹೋಗದೆ ಪದವಿ ಓದುವಂತಾಯಿತು.

ಇಂಥ ಸಂಸ್ಥೆಗಳ ಬಗ್ಗೆ ದೂರುಗಳಿಲ್ಲವೆಂದಲ್ಲ. ಪ್ರೀತಿಯ ಹೆಸರಿನಲ್ಲಿ ಹುಟ್ಟಿದ ಶಾಲೆಗಳಲ್ಲಿ ಬಡವನ ಎದೆ ಒಡೆಯುವ ಫೀಸು ಕಂಡಿದ್ದೇವೆ. ದಲಿತ ಕ್ರೈಸ್ತರು ಚರ್ಚಿನೊಳಗೇ ಹಿಂದಿನ ಸಾಲಿನಲ್ಲಿ ಉಳಿದ ನೋವನ್ನು ಅವರ ಬಾಯಿಂದಲೇ ಕೇಳಿದ್ದೇವೆ. ಆದರೆ ದೂರು ಬೇರೆ, ಅನುಮಾನ ಬೇರೆ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷಗಳ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂದೆಗೆಯಲು ತೀರ್ಮಾನಿಸಿತೇನೋ ಹೌದು. ಆದರೆ ಕಾಯ್ದೆಗಿಂತ ಮೊದಲೇ, ಕಾಯ್ದೆಗಿಂತ ಆಳವಾಗಿ ಅನುಮಾನ ಊರೂರಿನಲ್ಲಿ ಕುಳಿತುಬಿಟ್ಟಿದೆ. ಯಾರಾದರೂ ಸುಮ್ಮನೆ ಒಳ್ಳೆಯದು ಮಾಡಿದರೆ, ಇವನಿಗೇನು ಲಾಭ ಎಂದು ಮೊದಲು ಕೇಳುವ ಜನರಾಗಿದ್ದೇವೆ.

ಸುಳ್ಯದಲ್ಲಿದ್ದ ನಮ್ಮ ಚಾಚಾ ಹಾಗೆ ಕೇಳುವ ಪೈಕಿಯವರೇ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಕೊಳೆಯತೊಡಗಿದಾಗ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದೆವು. ಚಾಚಾ ಬಹಳ ನಿಷ್ಠೆಯವರು. ಪರಸ್ತ್ರೀಯ ಕೈ ತಾಗಬಾರದು. ಡ್ರೆಸ್ಸಿಂಗ್ ಮಾಡಲು ಬಂದ ಸಿಸ್ಟರ್ ಅದನ್ನು ಅರ್ಥಮಾಡಿಕೊಂಡು, ವಾರ್ಡಿನ ಹುಡುಗನನ್ನು ಕರೆದು ತಾವು ಪಕ್ಕದಲ್ಲಿ ನಿಂತು ಮಾಡಿಸಿದರು. ನಾಲ್ಕನೇ ದಿನ ಹುಡುಗ ರಜೆ. ಸಿಸ್ಟರ್ ಮಂಚದ ಬಳಿ ಬಂದು, "ನಾನು ಮುಟ್ಟಬಹುದಾ ಚಾಚಾ? ಗ್ಲೌಸ್ ಹಾಕಿಕೊಳ್ತೇನೆ" ಎಂದು ಕೇಳಿದರು. ಚಾಚಾ ಕಣ್ಣು ಮುಚ್ಚಿ ಹೂಂ ಎಂದರು. ಅಂದಿನಿಂದ ದಿನಾ ಅದೇ ಪ್ರಶ್ನೆ. ಒಮ್ಮೆ ಒಪ್ಪಿಗೆ ಸಿಕ್ಕಿತಲ್ಲ ಎಂದು ಅವರು ಕೇಳುವುದನ್ನು ಬಿಡಲಿಲ್ಲ. ಒಂದು ದಿನ ಚಾಚಾನೇ ಕೇಳಿದರು, "ನಿಮಗೆ ವಾಸನೆ ಬರುವುದಿಲ್ಲವಾ ಸಿಸ್ಟರ್?"

"ಬರ್ತದೆ ಚಾಚಾ. ಬಾರದೆ ಎಂತ? ಮೊನ್ನೆಗಿಂತ ಇವತ್ತು ಕಮ್ಮಿ ಉಂಟು."

ನಾವು ಪಕ್ಕದಲ್ಲಿ ನಿಂತು ಕೇಳಿದ ಮಾತು ಇದು. ಇಲ್ಲ, ಏನೂ ಬರುವುದಿಲ್ಲ ಎಂದಿದ್ದರೆ ಅದು ಉಪಚಾರದ ಮಾತಾಗುತ್ತಿತ್ತು. ವಾಸನೆ ಇದೆ ಎಂದು ಒಪ್ಪಿಕೊಂಡು ಕೆಲಸ ಮುಂದುವರಿಸಿದ್ದರಲ್ಲಿ ಚಾಚಾರಿಗೆ ಹೆಚ್ಚು ಸಮಾಧಾನ ಸಿಕ್ಕಿತು. ಕಾಲು ಉಳಿಯಿತು. ಚಾಚಾ ಸಾಯುವತನಕ ಐದು ಹೊತ್ತಿನ ನಮಾಝಿನವರಾಗಿಯೇ ಇದ್ದರು. ಅವರನ್ನು ಬದಲಿಸುವ ಇರಾದೆ ಆ ಸಿಸ್ಟರಿಗೂ ಇರಲಿಲ್ಲ. ಬದಲಾದದ್ದು ಒಂದೇ. ಸನ್ಯಾಸಿನಿಯರ ಬಗ್ಗೆ ಹಗುರ ಮಾತನಾಡುವವರನ್ನು ಚಾಚಾ ತಮ್ಮ ಅಂಗಡಿಯ ಜಗಲಿಯಲ್ಲಿ ಕೂರಲು ಬಿಡುತ್ತಿರಲಿಲ್ಲ.

ಕ್ರೈಸ್ತರ ಪವಿತ್ರ ಗುರುವಾರದಂದು ಪಾದ್ರಿ ಹನ್ನೆರಡು ಮಂದಿಯ ಪಾದ ತೊಳೆಯುವ ಆಚರಣೆಯಿದೆ. ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿಯ ಕೈದಿಗಳ ಪಾದ ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು, ಒಬ್ಬಳು ಮುಸ್ಲಿಮ್ ಹುಡುಗಿಯೂ ಇದ್ದಳು. ಅವರ ಮಠದೊಳಗೇ ಕೆಲವರಿಗೆ ಅದು ಹಿಡಿಸಲಿಲ್ಲ. 2019ರ ಫೆಬ್ರವರಿಯಲ್ಲಿ ಅವರೂ ಅಲ್ ಅಝ್‌ಹರ್‌ನ ಶೇಖ್ ಅಹ್ಮದ್ ಅಲ್ ತಯ್ಯಿಬ್ ಅವರೂ ಅಬುಧಾಬಿಯಲ್ಲಿ ಮಾನವ ಸೋದರತೆಯ ದಾಖಲೆಗೆ ಸಹಿ ಹಾಕಿದರು. 2025ರಲ್ಲಿ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂದಾಗ ನಮಗೆ ನೆನಪಾದದ್ದು ಆ ದೊಡ್ಡ ಸಹಿಯಲ್ಲ. ಸುಳ್ಯದ ಆ ವಾರ್ಡು, ಚಾಚಾನ ಕಾಲು, ಬಿಸಿನೀರಿನ ತಟ್ಟೆ.

ಪ್ರೀತಿಯೆಂದರೆ ಒಳಗಿನಿಂದ ಉಕ್ಕಿ ಬರುವ ಭಾವ ಎಂದು ನಾವು ಕಥೆಗಾರರು ಬರೆದು ಬರೆದು ಓದುಗರನ್ನು ನಂಬಿಸಿದ್ದೇವೆ. ಬಾಯಮ್ಮ ಬೇರೆಯೇ ಹೇಳಿದರು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಆರಾಧನಾ ಮಠದ ಮೇಲೆ ದಾಳಿಯಾಯಿತು. ಜಿಲ್ಲೆಯ ಇತರ ಕಡೆಯ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಗಳು ನಡೆದವು, ಪ್ರತಿಭಟಿಸಿದವರಿಗೆ ಪೊಲೀಸರ ಲಾಠಿ ಬಿತ್ತು. ಆ ವಾರ ನಾವು ಅಮ್ಮಿಯ ಜೊತೆ ಬಾಯಮ್ಮನ ಮನೆಗೆ ಹೋಗಿ ಕುಳಿತೆವು. 1992ರ ಡಿಸೆಂಬರಿನಲ್ಲಿ ಊರು ಬಿಗಿದುಕೊಂಡಿದ್ದಾಗ ಬಾಯಮ್ಮ ತನ್ನ ಬೀಡಿಯ ತಡ್ಪೆ ಹಿಡಿದು ಬಂದು ನಮ್ಮ ಜಗಲಿಯಲ್ಲಿ ಮೂರು ಸಂಜೆ ಕುಳಿತಿದ್ದರು. ಯಾಕೆಂದು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಈಗ ನಮ್ಮ ಸರದಿ. ಬಾಯಮ್ಮ ಹೇಳಿದರು: "ಇಗರ್ಜಿಯಲ್ಲಿ ಹೊಡೆದವರಿಗಾಗಿ ಪ್ರಾರ್ಥನೆ ಮಾಡಿ ಅಂದರು. ಮಾಡಿದೆ. ಹೊಟ್ಟೆಯೊಳಗೆ ಬೆಂಕಿ ಉಂಟು ಅಕ್ಕ, ಸುಳ್ಳು ಯಾಕೆ ಹೇಳಲಿ? ಆದರೂ ಮಾಡಿದೆ. ನಾಳೆಯೂ ಮಾಡ್ತೇನೆ."

ಕ್ಷಮೆ ಎಂದರೆ ಬೆಂಕಿ ಆರಿದ ಮೇಲೆ ಬರುವುದು ಎಂದುಕೊಂಡಿದ್ದ ನಮಗೆ ಇದು ಹೊಸದು. ಬೆಂಕಿ ಇರುವಾಗಲೇ ಮಾಡಬೇಕಾದ ನಿತ್ಯದ ಕೆಲಸ ಅದು, ಬೀಡಿ ಕಟ್ಟಿದ ಹಾಗೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗಲೇ ಸುಟ್ಟರು. ಪತ್ನಿ ಗ್ಲ್ಯಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಅಷ್ಟಕ್ಕೇ ನಿಂತಿದ್ದರೆ ಅದು ಮಾತಾಗಿ ಉಳಿಯುತ್ತಿತ್ತು. ಅವರು ಕೂಡಲೇ ಊರಿಗೆ ಮರಳದೆ ಇನ್ನೂ ಕೆಲವು ವರ್ಷ ಅಲ್ಲಿಯೇ ಉಳಿದು, ಗಂಡ ನೋಡಿಕೊಳ್ಳುತ್ತಿದ್ದ ಬಾರಿಪದದ ಕುಷ್ಠರೋಗಿಗಳನ್ನು ನೋಡಿಕೊಂಡರು. ಕಾನೂನು ತನ್ನ ದಾರಿಯಲ್ಲಿ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆ ನ್ಯಾಯಕ್ಕೆ ಅಡ್ಡ ಬರಲಿಲ್ಲ.

ನಮ್ಮ ಧರ್ಮಕ್ಕೆ ಇದರಲ್ಲಿ ಏನು ಸಂಬಂಧ ಎಂದು ಕೇಳುವವರಿಗೆ ಹಬಶದ ನೆನಪು ಮಾಡಬೇಕು. ಮಕ್ಕಾದ ಹಿಂಸೆ ತಾಳಲಾರದೆ ಮೊದಲ ಮುಸ್ಲಿಮರು ಕಡಲು ದಾಟಿ ಹೋದದ್ದು ಕ್ರೈಸ್ತ ರಾಜ ನಜ್ಜಾಶಿಯ ನಾಡಿಗೆ. ಜಅಫರ್ ಅವರ ಬಾಯಿಂದ ಮರ್ಯಮರ ಅಧ್ಯಾಯ ಕೇಳಿ ಅತ್ತ ಆ ರಾಜ, ಉಡುಗೊರೆ ಹೊತ್ತು ಬಂದ ಕುರೈಶರಿಗೆ ಇವರನ್ನು ಒಪ್ಪಿಸಲಿಲ್ಲ. ನಜ್ರಾನಿನ ಕ್ರೈಸ್ತರು ಮದೀನಾಕ್ಕೆ ಬಂದಾಗ ಪ್ರವಾದಿಯವರು ತಮ್ಮ ಮಸೀದಿಯಲ್ಲೇ ಅವರಿಗೆ ಪ್ರಾರ್ಥಿಸಲು ಬಿಟ್ಟರೆಂದು ಸೀರಾ ಗ್ರಂಥಗಳು ಹೇಳುತ್ತವೆ. ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನ ಈಮಾನನ್ನೇ ಪ್ರಶ್ನಿಸಿದ ಪ್ರವಾದಿ ಅವರು. ನೆರೆಯವನ ಜಾತಿ ಯಾವುದೆಂದು ಅಲ್ಲಿ ಹೇಳಿಲ್ಲ. ಹಾಗಿದ್ದೂ ನಮ್ಮ ಎಷ್ಟು ಜಮಾಅತ್‌ಗಳ ಸಹಾಯನಿಧಿ ಮಸೀದಿಯ ಗಡಿ ದಾಟುತ್ತದೆ? ಸುಳ್ಯದ ರಬ್ಬರ್ ತೋಟಗಳಲ್ಲಿ 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರ ಕಾಲೊನಿಗಳಿವೆ. ನಮ್ಮ ಕಿಟ್ಟುಗಳು ಅಲ್ಲಿಗೆ ಎಷ್ಟು ಸಲ ಹೋಗಿವೆ? ಈ ಪ್ರಶ್ನೆಗೆ ಉತ್ತರ ಓದುಗರು ತಮ್ಮ ತಮ್ಮ ಮೊಹಲ್ಲಾದಲ್ಲಿ ಹುಡುಕಲಿ.

ಯೇಸು ಹೇಳಿದ ಸಮಾರ್ಯದವನ ಕಥೆ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಹೊಡೆಸಿಕೊಂಡು ಬಿದ್ದವನನ್ನು ಅವನದೇ ಜನರ ಪುರೋಹಿತರು ದಾಟಿ ಹೋದರು, ಎತ್ತಿಕೊಂಡವನು ಅವರು ಹಗೆಯೆಂದು ತಿಳಿದ ಜನರವನು. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ಪ್ರಶ್ನೆಯನ್ನೇ ತಿರುಗಿಸಿದರು, ಬಿದ್ದವನಿಗೆ ನೆರೆಯವನಾದದ್ದು ಯಾರು ಎಂದು. 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆಯ ಆಸುಪಾಸಿನಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಯುವಕರ ಹೆಣ ಬಿತ್ತು. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ. ಎರಡೂ ಮನೆಯ ತಾಯಂದಿರು ಒಂದೇ ಮಳೆಗಾಲದಲ್ಲಿ ಅತ್ತರು. ಇವರು ಅವರ ಮನೆಗೆ, ಅವರು ಇವರ ಮನೆಗೆ ಹೋಗಿ ಕೂರುವಂಥ ಧೈರ್ಯ ನಮ್ಮ ಊರುಗಳಲ್ಲಿ ಇನ್ನೂ ಬೆಳೆಯಬೇಕಾಗಿದೆ.

2025ರಲ್ಲಿ ರಮಝಾನಿನ ಉಪವಾಸವೂ ಕ್ರೈಸ್ತರ ತಪಸ್ಸು ಕಾಲವೂ ಒಂದೇ ವಾರದಲ್ಲಿ ಶುರುವಾದವು. ಬಾಯಮ್ಮ ಈಗಿಲ್ಲ. ಅವರ ಸೊಸೆ ಆ ದಿನಗಳಲ್ಲಿ ಮಾಂಸ ಬಿಟ್ಟಿದ್ದಳು. ಇಫ್ತಾರಿಗೆ ಏನಾದರೂ ಕಳಿಸಬೇಕೆಂದು ನಾವು ಅಡುಗೆಮನೆಯಲ್ಲಿ ಯೋಚಿಸುತ್ತಿದ್ದಾಗ ನಮ್ಮ ಮಗಳು, "ಅವರಿಗೆ ಸಮೋಸದಲ್ಲಿ ಕೀಮಾ ಬೇಡ, ಬಟಾಟೆ ಹಾಕೋಣ. ಬೇರೆ ಎಣ್ಣೆಯಲ್ಲಿ ಕರಿಯೋಣ" ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಬೇರೆ ಬಾಣಲೆ ಹುಡುಕಿ ತೊಳೆದು ಒಲೆಯ ಮೇಲಿಟ್ಟಳು.